ಸುಮ್ಮನಿದ್ದರೂ ಮುಂದುವರಿಯುವ ಚಂದಾ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ–ಶಿಕ್ಷಕ ಸಂಘದ ಸಭೆಯಲ್ಲಿ ಗಣಿತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ರಕ್ಷಕರ ಸಭೆಯಲ್ಲಿ ಟೀಚರು ಮಾತಿಗೆ ನಿಂತರೆ ಮಕ್ಕಳ ಅಂಕ, ಹಾಜರಿ, ಮೊಬೈಲಿನ ಚಟ, ಇವಿಷ್ಟೇ ವಿಷಯ ಎಂದು ತಾವು ತಿಳಿದಿರುತ್ತೀರಿ. ಇಂದು ನಾನು ಮಾತಾಡಲಿರುವುದು ಚಂದಾದ ಬಗ್ಗೆ. ಗಣಿತದ ಟೀಚರಿಗೆ ಚಂದಾದ ಉಸಾಬರಿ ಏಕೆ ಎಂದು ಕೇಳಬೇಡಿ. ಲೆಕ್ಕ ಇರುವಲ್ಲೆಲ್ಲ ನಮಗೆ ಸ್ವಲ್ಪ ಕೆಲಸವಿದೆ. ಈಚೆಗೆ ಶಾಲೆಯ ಅಂಗಳದಲ್ಲಿ ನಿಂತು ತಾವು ನನ್ನಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಭಿನ್ನರಾಶಿಯ ಪ್ರಶ್ನೆಗಳಿಗಿಂತ "ಟೀಚರೇ, ತಿಂಗಳು ತಿಂಗಳು ಈ ಹಣ ಯಾಕೆ ಹೋಗ್ತಾ ಉಂಟು?" ಎಂಬ ಪ್ರಶ್ನೆಯೇ ಹೆಚ್ಚು. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲರಿಗೂ ಒಮ್ಮೆಗೇ ಹೇಳೋಣ ಎಂದು ಮುಖ್ಯೋಪಾಧ್ಯಾಯರಲ್ಲಿ ಈ ಅರ್ಧ ಗಂಟೆ ಕೇಳಿ ಪಡೆದಿದ್ದೇನೆ.

ಚಂದಾ ಎಂಬ ಮಾತು ನಮಗೆ ಹೊಸತಲ್ಲ. ಜಾತ್ರೆಗೆ ಚಂದಾ ಕೊಟ್ಟವರು ನಾವು, ಬಯಲಾಟಕ್ಕೆ ಕೊಟ್ಟವರು ನಾವು, ಯುವಕ ಸಂಘಕ್ಕೂ ಗ್ರಂಥಾಲಯಕ್ಕೂ ಸದಸ್ಯರಾದವರು ನಾವು. ವಾರಪತ್ರಿಕೆಗೆ ವಾರ್ಷಿಕ ಚಂದಾ ಕಟ್ಟಿದ ಮನೆಗಳೂ ನಮ್ಮಲ್ಲಿ ಸಾಕಷ್ಟು ಇದ್ದವು. ಆಗಿನ ಕ್ರಮ ಹಿರಿಯರಿಗೆ ನೆನಪಿರಬಹುದು. ಅಂಚೆ ಕಚೇರಿಗೆ ಹೋಗಬೇಕು, ಮನಿಯಾರ್ಡರ್ ಫಾರಂ ತುಂಬಿಸಬೇಕು, ಕೆಳಗಿನ ಸಣ್ಣ ಜಾಗದಲ್ಲಿ ವಿಳಾಸವನ್ನೂ ‘ವಾರ್ಷಿಕ ಚಂದಾ’ ಎಂಬ ಮಾತನ್ನೂ ಬರೆಯಬೇಕು. ವರ್ಷ ಮುಗಿಯುತ್ತ ಬಂದಾಗ ಚಂದಾ ಮುಗಿಯಿತೆಂದು ಪತ್ರಿಕೆಯವರಿಂದ ಒಂದು ಸೂಚನೆ ಬರುತ್ತಿತ್ತು. ಪುನಃ ಬೇಕಿದ್ದರೆ ಪುನಃ ಅಂಚೆ ಕಚೇರಿಗೆ ಹೋಗಬೇಕಿತ್ತು. ಬೇಡವಾದರೆ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕುಳಿತರೆ ಚಂದಾ ತಾನಾಗಿಯೇ ನಿಲ್ಲುತ್ತಿತ್ತು.

ಈಗ ಮೊಬೈಲಿನ ಅಂಗಡಿಯಲ್ಲಿ ಮಾರುವ ಚಂದಾ ಇದಕ್ಕೆ ತದ್ವಿರುದ್ಧ. ಒಮ್ಮೆ ಒಪ್ಪಿದರೆ ಸಾಕು, ಸುಮ್ಮನೆ ಕುಳಿತರೆ ಅದು ಮುಂದುವರಿಯುತ್ತದೆ. ನಿಲ್ಲಿಸಬೇಕಿದ್ದರೆ ನಾವು ಎದ್ದು ಕೆಲಸ ಮಾಡಬೇಕು. ಮೊದಲು ಮರೆವು ನಮ್ಮ ಹಣ ಉಳಿಸುತ್ತಿತ್ತು, ಈಗ ಅದೇ ಮರೆವು ಅವರಿಗೆ ಆದಾಯ ತರುತ್ತದೆ. ಈ ಒಂದು ವ್ಯತ್ಯಾಸ ಮನಸ್ಸಿಗೆ ಹೊಕ್ಕರೆ ನಾನು ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಈ ಕ್ರಮ ಹೇಗೆ ಬಂತೆಂದು ಸ್ವಲ್ಪ ನೋಡೋಣ. ಫೋನಿನೊಳಗಿನ ಅಂಗಡಿಯಲ್ಲಿ ತಿಂಗಳ ಚಂದಾ ಮಾರುವ ಏರ್ಪಾಡನ್ನು ಆ್ಯಪಲ್ ಕಂಪನಿ 2011ರಲ್ಲಿ ತಂದಿತು. ಪತ್ರಿಕೆಗಳು ತನ್ನ ಅಂಗಡಿಯ ಮೂಲಕ ಚಂದಾ ಮಾರಿದರೆ ನೂರಕ್ಕೆ 30 ತನಗೆ ಎಂದಿತು. ಗೂಗಲಿನ ಪ್ಲೇ ಸ್ಟೋರ್ ಕೂಡ ಅದೇ ದಾರಿ ಹಿಡಿಯಿತು. 2022ರ ಜನವರಿ 1ರಿಂದ ಚಂದಾಗಳ ಮೇಲಿನ ತನ್ನ ಪಾಲನ್ನು ನೂರಕ್ಕೆ 15ಕ್ಕೆ ಇಳಿಸಿತು. ಹೀಗೆ ಮಾರುವವನೊಬ್ಬ, ಅಂಗಡಿಯವನೊಬ್ಬ. ನಮ್ಮ ಚಂದಾ ಮುಂದುವರಿದಷ್ಟು ಕಾಲ ಇಬ್ಬರಿಗೂ ಪಾಲು ಸಿಗುತ್ತದೆ.

ಆದರೂ ಬಹಳ ವರ್ಷ ಈ ವ್ಯಾಪಾರ ನಮ್ಮ ಮನೆಗಳಿಗೆ ಬಂದಿರಲಿಲ್ಲ. ಏಕೆಂದರೆ ಅದಕ್ಕೆ ಕ್ರೆಡಿಟ್ ಕಾರ್ಡ್ ಬೇಕಿತ್ತು. ಬೀಡಿ ಕಟ್ಟುವವರ ಮನೆಯಲ್ಲಿ, ಅಡಿಕೆ ಸುಲಿಯುವವರ ಮನೆಯಲ್ಲಿ ಕ್ರೆಡಿಟ್ ಕಾರ್ಡ್ ಎಲ್ಲಿಂದ ಬರಬೇಕು? 2020ರ ಜುಲೈಯಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ಆಟೋಪೇ ಎಂಬ ಸೌಲಭ್ಯ ತಂದಿತು. ಅದರಿಂದ ಯುಪಿಐ ಇರುವ ಯಾರ ಖಾತೆಯಿಂದಲೂ ನಿಗದಿತ ದಿನ ಹಣ ತಾನಾಗಿ ಹೋಗುವ ಹಾಗಾಯಿತು. ವಿದ್ಯುತ್ ಬಿಲ್ಲು, ವಿಮೆಯ ಕಂತು ಕಟ್ಟುವವರಿಗೆ ಇದು ಉಪಕಾರವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ ಬಾಗಿಲಿನಿಂದ ಚಂದಾದ ವ್ಯಾಪಾರವೂ ಒಳಗೆ ಬಂತು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿ, ಪಾಠಕ್ಕೆಂದು ಪ್ರತಿ ಮನೆಗೂ ಸ್ಮಾರ್ಟ್‌ಫೋನು ಬಂದದ್ದೂ ಅದೇ ಹೊತ್ತಿಗೆ.

ಇನ್ನು ನಡೆದ ಒಂದು ಸಂಗತಿ ಹೇಳುತ್ತೇನೆ. ಆ ತಾಯಿ ಇಲ್ಲಿಯೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ, ಹೇಳಲು ಅನುಮತಿ ಮಾತ್ರ ಕೇಳಿಕೊಂಡಿದ್ದೇನೆ. ಮಗಳಿಗೆ ಇಂಗ್ಲಿಷ್ ಕಲಿಯಲೆಂದು ಒಂದು ಆ್ಯಪ್ ಹಾಕಿದರು. ಒಂದು ರೂಪಾಯಿಗೆ ಏಳು ದಿನ ಎಂದಿತ್ತು. ಒಂದು ರೂಪಾಯಿ ತಾನೇ ಎಂದು ಯುಪಿಐ ಪಿನ್ ಒತ್ತಿದರು. ನಾಲ್ಕು ದಿನದಲ್ಲಿ ಮಗುವಿಗೆ ಬೇಸರ ಬಂತು, ಆ್ಯಪನ್ನು ಫೋನಿನಿಂದ ತೆಗೆದುಹಾಕಿದರು. ಎಂಟನೇ ದಿನ 149 ರೂಪಾಯಿ ಹೋಯಿತು. ಮುಂದಿನ ತಿಂಗಳೂ ಹೋಯಿತು. "ಆ್ಯಪ್ ತೆಗೆದು ಹಾಕಿದ್ದೇನೆ ಟೀಚರೇ, ಇಲ್ಲದ ಆ್ಯಪಿಗೆ ಹಣ ಹೇಗೆ ಹೋಗುವುದು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಹಾಲು ಬೇಡವೆಂದು ಪಾತ್ರೆ ಒಳಗಿಟ್ಟರೆ ಹಾಲಿನವನು ಹಿಂದೆ ಹೋಗುತ್ತಾನಲ್ಲ! ಮೊಬೈಲಿನ ಅಂಗಡಿಯಲ್ಲಿ ಹಾಗಿಲ್ಲ. ಆ್ಯಪ್ ತೆಗೆದರೆ ಹೋಗುವುದು ಫೋನಿನಲ್ಲಿದ್ದ ಸರಕು ಮಾತ್ರ. ಆ ಒಂದು ರೂಪಾಯಿಯ ಜೊತೆಗೆ ನಾವು ಕೊಟ್ಟ ಒಪ್ಪಿಗೆ ಬ್ಯಾಂಕಿನ ಕಡೆ ಹಾಗೆಯೇ ಉಳಿದಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಮ್ಯಾಂಡೇಟ್ ಎನ್ನುತ್ತಾರೆ. ಮೊಬೈಲಿಗೆ ಬರುವ ಸಂದೇಶದಲ್ಲಿ ಈ ಪದ ಕಂಡರೆ ನಿಂತು ಓದಿ. ಮುಂದೆಯೂ ಹಣ ತೆಗೆದುಕೊಳ್ಳಲು ನಾವು ಕೊಟ್ಟ ಅಧಿಕಾರಪತ್ರ ಎಂದೇ ಅದರ ಅರ್ಥ.

149 ರೂಪಾಯಿ ಎಂದರೆ ದೊಡ್ಡದಲ್ಲ ಎಂದು ಕಾಣುತ್ತದೆ. ಹನ್ನೆರಡರಿಂದ ಗುಣಿಸಿ ನೋಡಿ, 1,788. ಬೇರೆ ಎರಡು ಚಂದಾಗಳು ಹೀಗೆಯೇ ಇದ್ದರೆ ವರ್ಷಕ್ಕೆ 5,000 ದಾಟುತ್ತದೆ. ತಿಂಗಳ ಬೆಲೆಯನ್ನೇ ದೊಡ್ಡ ಅಕ್ಷರದಲ್ಲಿ ಬರೆಯುವುದರ ಗುಟ್ಟು ಇದು. ನಿಮ್ಮ ಮಕ್ಕಳಿಗೆ ನಾನು ಈ ಲೆಕ್ಕವನ್ನು ಏಳನೇ ತರಗತಿಯಲ್ಲಿ ಮಾಡಿಸುತ್ತೇನೆ, ಮನೆಯಲ್ಲಿ ಅವರಿಂದಲೇ ಮಾಡಿಸಿ ನೋಡಿ.

ನಿಲ್ಲಿಸುವುದು ಹೇಗೆ? ನೋಡಬೇಕಾದ ಜಾಗ ಎರಡು. ಪ್ಲೇ ಸ್ಟೋರ್ ತೆರೆದು ಮೇಲಿನ ಮೂಲೆಯಲ್ಲಿರುವ ನಿಮ್ಮ ಚಿತ್ರದ ಅಥವಾ ಅಕ್ಷರದ ಗುಂಡನ್ನು ಒತ್ತಿದರೆ ಪಾವತಿ ಮತ್ತು ಚಂದಾಗಳ ವಿಭಾಗ ಸಿಗುತ್ತದೆ. ಅದರೊಳಗೆ ನೀವು ಯಾವ ಯಾವ ಚಂದಾಕ್ಕೆ ಒಪ್ಪಿದ್ದೀರಿ, ಮುಂದಿನ ಹಣ ಯಾವ ದಿನ ಹೋಗುತ್ತದೆ ಎಂದು ಬರೆದಿರುತ್ತದೆ. ಅಲ್ಲಿಯೇ ರದ್ದು ಮಾಡುವ ಗುಂಡಿಯೂ ಇದೆ. ಅಲ್ಲಿ ಏನೂ ಇಲ್ಲವೆಂದಾದರೆ ಚಂದಾವನ್ನು ಆ ಕಂಪನಿಯವರೇ ನೇರವಾಗಿ ಮಾರಿದ್ದಾರೆ ಎಂದರ್ಥ. ಆಗ ಎರಡನೆಯ ಜಾಗಕ್ಕೆ ಹೋಗಿ. ಹಣ ಕಳಿಸಲು ಬಳಸುವ ಯುಪಿಐ ಆ್ಯಪಿನಲ್ಲಿ ‘ಆಟೋಪೇ’ ಎಂಬ ಪಟ್ಟಿ ಇರುತ್ತದೆ. ನೀವು ಕೊಟ್ಟ ಒಪ್ಪಿಗೆಗಳೆಲ್ಲ ಅಲ್ಲಿರುತ್ತವೆ, ಬೇಡವಾದುದನ್ನು ರದ್ದು ಮಾಡಬಹುದು. ಎರಡೂ ಕಡೆ ಮಾಡಿಬಿಟ್ಟರೆ ಮನಸ್ಸಿಗೆ ನೆಮ್ಮದಿ. ಸಾಮಾನ್ಯವಾಗಿ ರದ್ದು ಮಾಡಿದ ಮೇಲೂ ಹಣ ಕೊಟ್ಟ ಅವಧಿ ಮುಗಿಯುವ ತನಕ ಆ್ಯಪನ್ನು ಬಳಸಬಹುದು, ಆದುದರಿಂದ ಕೊನೆಯ ದಿನಕ್ಕೆ ಕಾಯಬೇಕಾಗಿಲ್ಲ. ಪ್ಲೇ ಸ್ಟೋರಿನಲ್ಲಿ ಕೊಂಡ ವಸ್ತುವಿಗೆ ಹಣ ಹಿಂದೆ ಬೇಕೆಂದು ಕೇಳುವುದಿದ್ದರೆ 48 ಗಂಟೆಯೊಳಗೆ ಕೇಳುವುದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಹಣ ಹಿಂದೆ ಬರಲಿ ಎಂದು ಕಂಪನಿಯ ಫೋನ್ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಅಲ್ಲಿ ಸಿಗುವ ನಂಬರುಗಳಲ್ಲಿ ಕಳ್ಳರದ್ದೂ ಇರುತ್ತವೆ. "ಹಣ ಹಿಂದೆ ಕಳಿಸುತ್ತೇವೆ, ಪಿನ್ ಒತ್ತಿ" ಎಂದರೆ ಅದು ಮೋಸವೇ. ಹಣ ಬರುವುದಕ್ಕೆ ಪಿನ್ ಬೇಕಾಗಿಲ್ಲ, ಹೋಗುವುದಕ್ಕೆ ಬೇಕು. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇನ್ನು ಮಕ್ಕಳಿಗೆ ಪಿನ್ ಹೇಳಿಕೊಡುವ ತಂದೆತಾಯಿಗಳಿಗೆ ನಾನು ಏನು ಹೇಳಲಿ! ಪೆಟ್ಟಿಗೆಯ ಬೀಗದ ಕೈಯನ್ನು ಐದನೇ ತರಗತಿಯ ಹುಡುಗನ ಕಿಸೆಯಲ್ಲಿ ಹಾಕಿ ಪೇಟೆಗೆ ಕಳಿಸುತ್ತೀರಾ?

ಕಾನೂನು ನಮ್ಮ ಕಡೆ ಇಲ್ಲವೆಂದು ತಿಳಿಯಬೇಡಿ. ತಾನಾಗಿ ಹೋಗುವ ಪಾವತಿಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಮುಂದಿನ ವರ್ಷ ಯುಪಿಐಯನ್ನೂ ಅದರೊಳಗೆ ತಂದಿತು. 2021ರ ಅಕ್ಟೋಬರ್ 1ರಿಂದ ನಿಯಮಗಳು ಬಿಗಿಯಾಗಿ ಜಾರಿಗೆ ಬಂದವು. ಮೊದಲ ಸಲ ಒಪ್ಪಿಗೆ ಕೊಡುವಾಗ ಪಿನ್ ಅಥವಾ ಒಟಿಪಿ ಬೇಕು. ಪ್ರತಿ ಸಲ ಹಣ ತೆಗೆಯುವ 24 ಗಂಟೆ ಮೊದಲು, ಯಾರಿಗೆ ಎಷ್ಟು ಹೋಗಲಿದೆ ಎಂದು ತಿಳಿಸಬೇಕು. ಬೇಡವೆನ್ನುವ ಅವಕಾಶ ಕೊಡಬೇಕು. ಪಿನ್ ಇಲ್ಲದೆ ತೆಗೆಯಬಹುದಾದ ಮೊತ್ತದ ಮಿತಿ ಮೊದಲು 5,000 ರೂಪಾಯಿ ಇದ್ದದ್ದನ್ನು 2022ರ ಜೂನಿನಲ್ಲಿ 15,000ಕ್ಕೆ ಏರಿಸಲಾಯಿತು. ಏರಿಸಿದ್ದು ನನಗೆ ಅಷ್ಟು ಸರಿ ಕಾಣುವುದಿಲ್ಲ. 15,000 ರೂಪಾಯಿ ಎಂದರೆ ಇಲ್ಲಿನ ಎಷ್ಟೋ ಮನೆಗಳ ತಿಂಗಳ ಖರ್ಚು.

ಆ ಸುತ್ತೋಲೆಯಲ್ಲಿ ನಮ್ಮಂಥವರು ಗುರುತು ಹಾಕಿಕೊಳ್ಳಬೇಕಾದ ಒಂದು ಮಾತಿದೆ. ಆ ಮುಂಗಡ ಸೂಚನೆ ಸ್ಪಷ್ಟವಾಗಿ, ಗೊಂದಲವಿಲ್ಲದೆ, ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ಅದು ಹೇಳುತ್ತದೆ. ಯಾರಿಗೆ ಅರ್ಥವಾಗುವ ಭಾಷೆ? ನಮ್ಮ ಬ್ಯಾಂಕುಗಳಲ್ಲಿ ಫಾರಂಗಳು ಹಿಂದಿ, ಇಂಗ್ಲಿಷ್ ಮತ್ತು ರಾಜ್ಯದ ಭಾಷೆಯಲ್ಲಿ ಇರುತ್ತವೆ. ಕಾಸರಗೋಡಿನಲ್ಲಿ ರಾಜ್ಯದ ಭಾಷೆ ಮಲಯಾಳ, ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು. ಗಡಿಯ ಈಚೆಗಿರುವ ಕನ್ನಡದವರಿಗೆ ಮೂರರಲ್ಲಿ ಒಂದೂ ಮನೆಮಾತಲ್ಲ. ಮೊಬೈಲಿನಲ್ಲಿ ಮಾತ್ರ ಹಾಗಲ್ಲ ಎಂಬುದು ಸಮಾಧಾನದ ಸಂಗತಿ. ಭೀಮ್, ಫೋನ್‌ಪೇ, ಗೂಗಲ್ ಪೇ, ಈ ಆ್ಯಪುಗಳಲ್ಲಿ ನೀವು ಯಾವ ರಾಜ್ಯದಲ್ಲಿದ್ದರೂ ಕನ್ನಡವನ್ನು ಆರಿಸಿಕೊಳ್ಳಬಹುದು. ಇಡೀ ಫೋನಿನ ಭಾಷೆಯನ್ನೇ ಕನ್ನಡಕ್ಕೆ ಬದಲಿಸಿದರೆ ಪ್ಲೇ ಸ್ಟೋರೂ ಕನ್ನಡದಲ್ಲಿ ತೋರುತ್ತದೆ. ಎರಡು ದಿನ ವಿಚಿತ್ರವೆನಿಸಬಹುದು, ಅನುವಾದದ ಕೆಲವು ಪದಗಳು ನಗು ತರಿಸುವುದೂ ಉಂಟು. ಆದರೂ ‘ರದ್ದುಮಾಡಿ’ ಎಂದು ಬರೆದದ್ದು ನಮ್ಮ ಅಜ್ಜಿಗೂ ಓದಲು ಬರುತ್ತದೆಯಷ್ಟೆ.

ಇನ್ನೊಂದು ಕಾನೂನು ಗ್ರಾಹಕರ ರಕ್ಷಣೆಯದ್ದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಮ್ಮ ಪರವಾಗಿ ಅವರೇ ಮೊದಲೇ ಗುರುತು ಹಾಕಿಟ್ಟ ಚೌಕಳಿ ಒಪ್ಪಿಗೆಯೆನಿಸುವುದಿಲ್ಲ, ಗುರುತನ್ನು ನಾವೇ ಹಾಕಬೇಕು. ಅಂಗಡಿಯವರು ದೂರು ಅಧಿಕಾರಿಯನ್ನು ನೇಮಿಸಬೇಕು. ಅವರು 48 ಗಂಟೆಯೊಳಗೆ ದೂರು ಸಿಕ್ಕಿತೆಂದು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಅಂಗಡಿಗಳ 13 ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿತು. ಅವುಗಳಲ್ಲಿ ಒಂದಕ್ಕೆ ಚಂದಾ ಬಲೆ ಎನ್ನಬಹುದಾದ ಹೆಸರೇ ಇದೆ. ರದ್ದು ಮಾಡುವ ಗುಂಡಿಯನ್ನು ಅಡಗಿಸಿಡುವುದು, ರದ್ದು ಮಾಡುವ ದಾರಿಯನ್ನು ಉದ್ದ ಮಾಡಿ ದಣಿಸುವುದು, ಉಚಿತವೆಂದು ಹೇಳಿ ತಾನಾಗಿ ಹಣ ಹೋಗುವ ವಿವರ ಕೊಡಲು ಒತ್ತಾಯಿಸುವುದು, ಸೂಚನೆಗಳನ್ನು ಗೊಂದಲವಾಗುವಂತೆ ಬರೆಯುವುದು, ಇವೆಲ್ಲ ಅದರೊಳಗೆ ಬರುತ್ತವೆ. "ಬೇಡ, ನನ್ನ ಮಗುವಿನ ಭವಿಷ್ಯದ ಚಿಂತೆ ನನಗಿಲ್ಲ" ಎಂಬಂಥ ಮಾತನ್ನು ಗುಂಡಿಯ ಮೇಲೆ ಬರೆದು ನಾಚಿಕೆಪಡಿಸುವುದೂ ನಿಷಿದ್ಧ ಪಟ್ಟಿಯಲ್ಲಿದೆ. "ಇನ್ನು ಹತ್ತೇ ನಿಮಿಷ ಈ ಬೆಲೆ" ಎಂದು ಸುಳ್ಳು ಗಡಿಬಿಡಿ ಹುಟ್ಟಿಸುವುದೂ ಇದೆ. 2025ರ ಜೂನಿನಲ್ಲಿ ಪ್ರಾಧಿಕಾರವು ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಿ ಎಂದು ಈ ಅಂಗಡಿಗಳಿಗೆ ಸೂಚಿಸಿತು. ಕಳ್ಳನ ಕೈಗೇ ಕೋಲು ಕೊಟ್ಟ ಹಾಗೆ ಎಂದು ನನಗೆ ಅನಿಸಿತು, ಇರಲಿ.

ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಬರೆದುಕೊಳ್ಳಿ. ಅದು 17 ಭಾಷೆಗಳಲ್ಲಿ ಸೇವೆ ಕೊಡುತ್ತದೆ, ಅದರಲ್ಲಿ ಕನ್ನಡವೂ ಒಂದು. ಅಂದರೆ ಮಂಜೇಶ್ವರದಿಂದಲೋ ಜತ್ತದಿಂದಲೋ ಮಡಕಶಿರಾದಿಂದಲೋ ಕರೆ ಮಾಡಿ ‘ನನಗೆ ಕನ್ನಡದಲ್ಲಿ ಮಾತಾಡಬೇಕು’ ಎಂದು ಕೇಳಬಹುದು. ಕೇಳಲೇಬೇಕು ಎಂದು ನಾನು ಹೇಳುತ್ತೇನೆ. ಕೇಳುವವರಿಲ್ಲದಿದ್ದರೆ ಆ ಭಾಷೆಗೆ ಅಲ್ಲಿ ಆಳು ಏಕೆ ಎಂದು ನಾಳೆ ಯಾರಾದರೂ ಲೆಕ್ಕ ಹಾಕಿಯಾರು. ಅಲ್ಲಿಯೂ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯಿದೆ ಪ್ರಕಾರ ಕಂಪನಿ ಬೆಂಗಳೂರಿನಲ್ಲಿರಲಿ ದೆಹಲಿಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಇಷ್ಟು ಹೊತ್ತು 149 ರೂಪಾಯಿಯ ಮಾತಾಯಿತು. ಇನ್ನು ಸಾವಿರಗಟ್ಟಲೆಯ ಚಂದಾ. ಕೆಲವು ಕಂಪನಿಗಳು ಎರಡು ವರ್ಷ, ಮೂರು ವರ್ಷದ ಕಲಿಕೆಯ ಚಂದಾವನ್ನು ಒಟ್ಟಿಗೇ ಮಾರುತ್ತವೆ. ಕೈಯಲ್ಲಿ ಹಣವಿಲ್ಲ ಎಂದರೆ ಅಲ್ಲಿಯೇ ಸಾಲ ಮಾಡಿಸುತ್ತವೆ. ಆಮೇಲೆ ಚಂದಾ ಬೇಡವೆಂದರೂ ಸಾಲದ ಕಂತು ನಿಲ್ಲುವುದಿಲ್ಲ, ಏಕೆಂದರೆ ಸಾಲ ಕೊಟ್ಟವನು ಬೇರೆ, ಪಾಠ ಮಾರಿದವನು ಬೇರೆ. ಇದನ್ನು ನೋಡಿಯೇ ಕೇಂದ್ರ ಶಿಕ್ಷಣ ಸಚಿವಾಲಯವು 2021ರ ಡಿಸೆಂಬರಿನಲ್ಲಿ ತಂದೆತಾಯಿಗಳಿಗೆ ಒಂದು ಸೂಚನೆ ಹೊರಡಿಸಿತು. ಚಂದಾ ಶುಲ್ಕಕ್ಕೆ ತಾನಾಗಿ ಹಣ ಕಡಿತವಾಗುವ ಕ್ರಮವನ್ನು ಒಪ್ಪಬೇಡಿ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇದೆ.

ಬೈಜೂಸ್ ಕಥೆ ನಿಮಗೆ ಗೊತ್ತಿರುವುದೇ. ಸ್ಥಾಪಕರಾದ ಬೈಜು ರವೀಂದ್ರನ್ ನಮ್ಮ ನೆರೆಯ ಕಣ್ಣೂರು ಜಿಲ್ಲೆಯವರು, ಕಂಪನಿ ಬೆಂಗಳೂರಿನದ್ದು. 2011ರಲ್ಲಿ ಆರಂಭವಾದ ಕಂಪನಿಯ ಮೌಲ್ಯ 2022ರಲ್ಲಿ 2,200 ಕೋಟಿ ಡಾಲರ್ ಎಂದು ಹೇಳಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ತಂದೆತಾಯಿಗಳ ಮೇಲೆ ಒತ್ತಡ ಹಾಕಿ ಮಾರುತ್ತಾರೆಂಬ ವರದಿಗಳ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಅವರನ್ನು ಕರೆಸಿತು. ಕಂಪನಿ ಆರೋಪವನ್ನು ಅಲ್ಲಗಳೆಯಿತು, ಮಾರಾಟದ ಕ್ರಮವನ್ನೂ ಬದಲಿಸಿಕೊಂಡಿತು. 2024ರ ಜುಲೈಯಲ್ಲಿ 158 ಕೋಟಿ ರೂಪಾಯಿ ಬಾಕಿಯ ವಿಷಯದಲ್ಲಿ ಕ್ರಿಕೆಟ್ ಮಂಡಳಿ ಹೂಡಿದ ಅರ್ಜಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಯಾರನ್ನೂ ಹಳಿಯಲು ಇದನ್ನು ಹೇಳುತ್ತಿಲ್ಲ. ಮುಂಗಡ ಕೊಟ್ಟ ಚಂದಾ ಎಂದರೆ ಮಾರುವವನಿಗೆ ನಾವು ಕೊಟ್ಟ ಸಾಲ. ಮೂರು ವರ್ಷದ ಚಂದಾ ಕೊಡುವಾಗ ಆ ಅಂಗಡಿ ಮೂರು ವರ್ಷ ಬಾಗಿಲು ತೆರೆದಿರುತ್ತದೆಯೇ ಎಂದು ಯೋಚಿಸುವುದು ನಮ್ಮ ಕೆಲಸ. ಅಷ್ಟು ದೊಡ್ಡ ಅಂಗಡಿಗೇ ಹಾಗಾಯಿತೆಂದ ಮೇಲೆ ಉಳಿದವರ ಮಾತೇನು?

ಮನೆಗೆ ಮಾರಲು ಬಂದವರಲ್ಲಿ ತಾವು ಒಂದೇ ಒಂದು ಮಾತು ಕೇಳಿ. "ಕೇರಳ ಪಠ್ಯಕ್ರಮದ ಏಳನೇ ತರಗತಿಯ ಸಮಾಜ ವಿಜ್ಞಾನದ ಪಾಠವನ್ನು ಕನ್ನಡದಲ್ಲಿ ತೋರಿಸಿ." ಅವರ ಮುಖ ನೋಡಿ. ಒಂದೋ ಇಂಗ್ಲಿಷಿನಲ್ಲಿ ತೋರಿಸುತ್ತಾರೆ, ಇಲ್ಲವೇ ಕರ್ನಾಟಕದ ಪಠ್ಯವನ್ನು ತೋರಿಸುತ್ತಾರೆ. ನಮ್ಮ ಮಕ್ಕಳ ಪರೀಕ್ಷೆ ಎರಡರಲ್ಲಿಯೂ ಅಲ್ಲ. ನಮ್ಮ ಪಠ್ಯಪುಸ್ತಕ ಕನ್ನಡದಲ್ಲಿ ಇರುವ ಜಾಗಕ್ಕೆ ಚಂದಾವೇ ಇಲ್ಲ. ಕೇರಳದ ಎಸ್.ಸಿ.ಇ.ಆರ್.ಟಿ. ಪಠ್ಯಪುಸ್ತಕಗಳನ್ನು ಕನ್ನಡ ಮಾಧ್ಯಮದಲ್ಲಿಯೂ ತರುತ್ತದೆ. ‘ಸಮಗ್ರ’ ಎಂಬ ಸರಕಾರಿ ಜಾಲತಾಣದಲ್ಲಿ ಅವು ಉಚಿತವಾಗಿ ಸಿಗುತ್ತವೆ. ಮಹಾರಾಷ್ಟ್ರದಲ್ಲಿ ಬಾಲಭಾರತಿಯು ಕನ್ನಡ ಮಾಧ್ಯಮದ ಪುಸ್ತಕಗಳನ್ನು ಅದೇ ರೀತಿ ಕೊಡುತ್ತದೆ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ‘ದೀಕ್ಷಾ’ ಕೂಡ ಉಚಿತ. ಅವುಗಳಲ್ಲಿ ಬಣ್ಣದ ಕುಣಿತ ಕಡಿಮೆ, ನಿಜ. ಆದರೆ ಪಾಠ ನಮ್ಮದು. ಬಳಸಲು ತಿಳಿಯದಿದ್ದರೆ ಹೇಳಿಕೊಡಲು ನಾವು ಅಧ್ಯಾಪಕರಿದ್ದೇವೆ.

ಹಾಗಾದರೆ ಚಂದಾವೇ ಬೇಡವೇ? ನಾನು ಹಾಗೆ ಹೇಳಲಿಲ್ಲ. ಮನೆಗೆ ಒಂದು ಕನ್ನಡ ಮಕ್ಕಳ ಪತ್ರಿಕೆ ಬರಬೇಕೆಂದು ಮೊದಲು ಹೇಳುವವಳು ನಾನೇ. ಪಾಠಪುಸ್ತಕದಾಚೆಗೆ ಕನ್ನಡ ಓದುವ ಮಗು ಗಣಿತದ ಪದಸಮಸ್ಯೆಯನ್ನೂ ಬೇಗ ಬಿಡಿಸುತ್ತದೆ, ಇದು ನನ್ನ ತರಗತಿಯ ಅನುಭವ. ಪತ್ರಿಕೆಯವರಿಗೂ ಚಂದಾದಾರರೇ ಆಧಾರ. ಎಷ್ಟು ಪ್ರತಿ ಅಚ್ಚು ಹಾಕಬೇಕೆಂದು ಅವರಿಗೆ ಮೊದಲೇ ಗೊತ್ತಾಗುವುದು ಚಂದಾದಿಂದ. ಆದರೆ ಇಲ್ಲಿ ನನಗೊಂದು ನೋವಿದೆ. ನಮ್ಮ ತರಗತಿ ಗ್ರಂಥಾಲಯಕ್ಕೆಂದು ಒಂದು ಕನ್ನಡ ನಿಯತಕಾಲಿಕೆಯ ಆನ್‌ಲೈನ್ ಅಂಗಡಿಯಲ್ಲಿ ಚಂದಾ ಕಟ್ಟಲು ಹೊರಟೆ. ಹೆಸರು ಬರೆದೆ, ವಿಳಾಸ ಬರೆದೆ. ರಾಜ್ಯ ಯಾವುದೆಂದು ಆರಿಸುವ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ಕರ್ನಾಟಕ. 671ರಿಂದ ಆರಂಭವಾಗುವ ನಮ್ಮ ಪಿನ್‌ಕೋಡ್ ಬರೆದರೆ ತಪ್ಪು ಎಂದು ಕೆಂಪು ಅಕ್ಷರ ಬರುತ್ತದೆ. ಇಂಗ್ಲಿಷ್ ಆ್ಯಪಿನ ಅಂಗಡಿ ನಮ್ಮ ಅಡುಗೆ ಕೋಣೆಯ ತನಕ ಬಂದು ಒಂದು ರೂಪಾಯಿಗೆ ಸರಕು ಇಟ್ಟು ಹೋಗುತ್ತದೆ, ಕನ್ನಡದ ಅಂಗಡಿಗೆ ನಾವು ನಡೆದುಕೊಂಡು ಹೋದರೂ ಬಾಗಿಲು ತೆರೆಯುವುದಿಲ್ಲ! ಬೇಕೆಂದು ಮಾಡಿದ್ದಲ್ಲ ಎಂದು ನನಗೆ ಗೊತ್ತು. ಫಾರಂ ಮಾಡಿದ ಹುಡುಗನಿಗೆ ತಲಪಾಡಿಯ ಆಚೆಗೂ ಕನ್ನಡ ಓದುವವರು ಇದ್ದಾರೆಂದು ಯಾರೂ ಹೇಳಿರಲಾರರು. ಆದುದರಿಂದ ನಾವೇ ಹೇಳಬೇಕು. ನಾನು ಪತ್ರ ಬರೆದಿದ್ದೇನೆ. ಒಬ್ಬ ಟೀಚರು ಬರೆದರೆ ಒಂದು ಪತ್ರ, ಐವತ್ತು ರಕ್ಷಕರು ಬರೆದರೆ ಐವತ್ತು ಚಂದಾ. ಯಾವ ಭಾಷೆಯ ವ್ಯಾಪಾರಿಗೂ ಎರಡನೆಯದು ಬೇಗ ಅರ್ಥವಾಗುತ್ತದೆ. ಬಂದ ಫಾರಂಗಳಲ್ಲಿ ಇಂಥ ತೊಡಕು ಕಂಡವರು ಯಾವ ಪತ್ರಿಕೆ, ಯಾವ ದಿನ ಎಂದು ಒಂದು ಚೀಟಿಯಲ್ಲಿ ಬರೆದು ನನಗೆ ಕೊಡಿ.

ಕೊನೆಯದಾಗಿ ನಮ್ಮದೇ ಅಂಗಡಿಯ ವಿಷಯ. ಶಾಲೆಯ ವಾರ್ಷಿಕ ಸಂಚಿಕೆಗೂ ಹಳೆ ವಿದ್ಯಾರ್ಥಿ ಸಂಘದ ಸದಸ್ಯತ್ವಕ್ಕೂ ಆನ್‌ಲೈನ್‌ನಲ್ಲಿ ಚಂದಾ ಪಡೆಯಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ಮಾತಾಗಿದೆ. ಒಳ್ಳೆಯ ಯೋಚನೆ. ಮಂಗಳೂರು, ಬೆಂಗಳೂರುಗಳಲ್ಲಿ ನಮ್ಮ ಮಕ್ಕಳಿದ್ದಾರೆ, ಕೊಲ್ಲಿ ರಾಷ್ಟ್ರಗಳಲ್ಲಿ ಇನ್ನೂ ಹೆಚ್ಚು ಇದ್ದಾರೆ. 2023ರ ಜನವರಿಯಲ್ಲಿ ಯುಎಇ, ಸೌದಿ, ಒಮಾನ್, ಕತಾರ್ ಸೇರಿ 10 ದೇಶಗಳ ಮೊಬೈಲ್ ನಂಬರಿನಿಂದಲೂ ಅನಿವಾಸಿ ಭಾರತೀಯರು ತಮ್ಮ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳ ಮೂಲಕ ಯುಪಿಐ ಬಳಸಲು ಅನುಮತಿ ಸಿಕ್ಕಿತು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣ ವಿದೇಶಿ ದೇಣಿಗೆಯೆನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದ ಮಾತ್ರ ಅನುಮತಿಯಿಲ್ಲದೆ ತೆಗೆದುಕೊಳ್ಳಬಾರದು. ಖಜಾಂಚಿಯವರು ಇದನ್ನು ದಯವಿಟ್ಟು ಗಮನಿಸಬೇಕು.

ಆದರೆ ಈವರೆಗೆ ನಾನು ದೂರಿದ್ದನ್ನೆಲ್ಲ ನಾವೇ ಮಾಡುವಂತಿಲ್ಲ. ಕ್ಯೂಆರ್ ಕೋಡ್ ಸಂಘದ ಖಾತೆಯದ್ದೇ ಆಗಿರಬೇಕು. ಅಧ್ಯಕ್ಷರದ್ದೂ ಬೇಡ, ಟೀಚರದ್ದೂ ಬೇಡ. ಹಣ ಬಂದ ಕೂಡಲೇ ನಂಬರು ಹಾಕಿದ ರಶೀದಿ ಹೋಗಬೇಕು. ಚಂದಾ ಎಷ್ಟು, ಅಂಚೆ ವೆಚ್ಚ ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಸಂಚಿಕೆ ಬಾರದಿದ್ದರೆ ಯಾರನ್ನು ಕೇಳಬೇಕು ಎಂಬುದು ಕನ್ನಡದಲ್ಲಿ ಮೊದಲ ಪುಟದಲ್ಲಿಯೇ ಇರಲಿ. ರಾಜ್ಯಗಳ ಪಟ್ಟಿಯಲ್ಲಿ ಎಲ್ಲ ರಾಜ್ಯಗಳೂ ಇರಲಿ! ತಾನಾಗಿ ನವೀಕರಣ ಇಡಬೇಡಿ ಎಂದು ನನ್ನ ಸಲಹೆ. ಇಟ್ಟರೆ ಹಣ ಹೆಚ್ಚು ಬಂದೀತು ಎಂದು ಸಮಿತಿಯ ಕೆಲವರು ಹೇಳಿದ್ದಾರೆ, ಬಂದೀತು. ಆದರೂ ವರ್ಷಕ್ಕೊಮ್ಮೆ ನಾವೇ ಫೋನು ಮಾಡಿ "ಚಂದಾ ಮುಗಿಯಿತು, ಮುಂದುವರಿಸುತ್ತೀರಾ?" ಎಂದು ಕೇಳೋಣ. ಆ ನೆಪದಲ್ಲಿ ಹಳೆ ವಿದ್ಯಾರ್ಥಿಯ ಕ್ಷೇಮ ತಿಳಿಯುತ್ತದೆ, ಅವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದೂ ತಿಳಿಯುತ್ತದೆ.

ವಾರ್ಷಿಕ ಸಂಚಿಕೆಯ ರಶೀದಿ ಪುಸ್ತಕ ಕಚೇರಿಯಲ್ಲಿದೆ. ಫೋನಿನಲ್ಲಿ ಚಂದಾದ ಪಟ್ಟಿ ಹುಡುಕಿ ಸಿಗದವರು ಸಭೆ ಮುಗಿದ ಮೇಲೆ ಏಳನೇ ತರಗತಿಯ ಕೋಣೆಗೆ ಬನ್ನಿ, ನಾನೂ ಇನ್ನಿಬ್ಬರು ಅಧ್ಯಾಪಕರೂ ಸಂಜೆ ಐದರ ತನಕ ಅಲ್ಲಿರುತ್ತೇವೆ. ಫೋನನ್ನು ನಮ್ಮ ಕೈಗೆ ಕೊಡಬೇಡಿ, ಪಿನ್ ಹೇಳಬೇಡಿ. ನಾವು ತೋರಿಸುತ್ತೇವೆ, ಒತ್ತುವುದು ನೀವು.